ಸ್ಪ್ರಿಂಕ್ಲರ್ ಸದ್ದು ಮತ್ತು ನನ್ನ ಸೊಂಟ

ಇದು ಕೊಡಗಿನ ಸುಂಟಿಕೊಪ್ಪದ ಆಚೆಗಿರುವ ನಮ್ಮ ಕಾಫಿ ತೋಟ. ಫೆಬ್ರುವರಿಯ ಕೊನೆಯ ವಾರ, ಬೆಳಗಿನ ಜಾವ ಐದೂಮುಕ್ಕಾಲು. ಚಿತ್ರದಲ್ಲಿ ಇನ್ನೂ ಕತ್ತಲೆಯೇ ತುಂಬಿದೆ, ಕ್ಷಮಿಸಿ. ಆದರೆ ಒಂದು ಸದ್ದು ಕೇಳುತ್ತಿದೆಯಲ್ಲ, ಟಿಕ್ ಟಿಕ್ ಟಿಕ್ ಟಿಕ್, ಅದನ್ನು ಸ್ವಲ್ಪ ಹೊತ್ತು ಕೇಳಿ. ನಾನು ಸುಮ್ಮನಿರುತ್ತೇನೆ.

ಅದು ಸ್ಪ್ರಿಂಕ್ಲರ್. ರೊಬಸ್ಟಾ ಹೂ ಅರಳಬೇಕಾದರೆ ಈಗ ನೀರು ಬೀಳಬೇಕು. ಹೂಮಳೆ ಬರುತ್ತದೆಂದು ಆಕಾಶ ನೋಡುತ್ತಾ ಕೂರುವ ಧೈರ್ಯ ಇತ್ತೀಚೆಗೆ ಯಾರಿಗೂ ಇಲ್ಲ. ನೀರು ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕೊಡಗಿನವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಆದರೆ ಈ ಟಿಕ್ ಟಿಕ್ ಸಂಮೋಹನ ಚಿಕಿತ್ಸೆಯ ದಾರಿಯಲ್ಲಿ ನನ್ನ ಸೊಂಟನೋವಿಗೆ ಒದಗಿ ಬಂದದ್ದನ್ನು ಕೊಡಗಿನವರಿಗೂ ಬಿಡಿಸಿಯೇ ಹೇಳಬೇಕು. ನಮ್ಮ ಮನೆಯಲ್ಲೇ ಅದನ್ನು ಯಾರೂ ನಂಬಿರಲಿಲ್ಲ.

ಈಗ ಕಾಣುತ್ತಿರುವುದು ನಮ್ಮ ಕಣ. ಎರಡು ವರ್ಷದ ಹಿಂದೆ, ಜನವರಿಯ ಒಂದು ಸಂಜೆ, ಇಲ್ಲಿ ಕಾಫಿ ಹರಡಿತ್ತು. ಹೇಳದೆ ಕೇಳದೆ ಮಳೆ ಬಂತು. ಒಣಗಿದ ಕಾಫಿ ನೆನೆದರೆ ಏನಾಗುತ್ತದೆಂದು ಗೊತ್ತಿರುವ ಯಾರೂ ಆ ಹೊತ್ತಿನಲ್ಲಿ ಬೆನ್ನಿನ ಬಗ್ಗೆ ಯೋಚಿಸುವುದಿಲ್ಲ. ಟಾರ್ಪಾಲಿನ ಒಂದು ತುದಿ ಹಿಡಿದು ಎಳೆದೆ, ಕಾಲು ಜಾರಿತು, ಸೊಂಟ ಹಿಡಿದುಕೊಂಡಿತು. ಕಾಫಿ ಉಳಿಯಿತು. ನಾನು ಕಣದ ಮೂಲೆಯಲ್ಲಿ ನಾಲ್ಕು ಕಾಲಿನ ಪ್ರಾಣಿಯಂತೆ ನಿಂತಿದ್ದೆ.

ವೈದ್ಯರು ಪರೀಕ್ಷಿಸಿ, ಎಂಆರ್‌ಐ ಮಾಡಿಸಿ, ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿದೆ ಎಂದರು. ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಓಡಾಡಿ ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ‘ಉಬ್ಬಿದೆ’ ಎಂಬ ಒಂದೇ ಮಾತು. ಅಂದಿನಿಂದ ನನ್ನ ಬೆನ್ನಿನೊಳಗೆ ಉಬ್ಬಿದ ಬಲೂನೊಂದಿದೆ, ಬಗ್ಗಿದರೆ ಒಡೆಯುತ್ತದೆ ಎಂದುಕೊಂಡೇ ಬದುಕಿದೆ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ, ಎಂಬತ್ತರವರಲ್ಲಿ ನೂರಕ್ಕೆ 84 ಮಂದಿಗೆ ಡಿಸ್ಕ್ ಉಬ್ಬಿರುತ್ತದೆಯಂತೆ. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿರುವವರು. ಇದನ್ನು ಆಗಲೇ ಯಾರಾದರೂ ನನಗೆ ಹೇಳಿದ್ದರೆ ನಾಲ್ಕು ತಿಂಗಳು ಗಾಜಿನ ಬಳೆಯ ಹಾಗೆ ನಡೆಯುತ್ತಿರಲಿಲ್ಲ.

ಆ ನಾಲ್ಕು ತಿಂಗಳಲ್ಲಿ ಸೊಂಟಕ್ಕೆ ಬೆಲ್ಟ್ ಬಂತು, ಎಣ್ಣೆ ಬಂತು, ಉಪ್ಪಿನ ಶಾಖ ಬಂತು, ನೆಂಟರ ಸಲಹೆಗಳಂತೂ ಲೆಕ್ಕವಿಲ್ಲದಷ್ಟು ಬಂದವು. ದೀರ್ಘಕಾಲದ ಸೊಂಟನೋವಿಗೆ ಇಂಥ ಬೆಲ್ಟನ್ನು ವಾಡಿಕೆಯಂತೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಡಿಸೆಂಬರ್‌ನಲ್ಲಿ ಹೇಳಿತ್ತು. ನಾನು ಅದನ್ನು ಓದಿದ್ದು ದುಡ್ಡು ಕೊಟ್ಟ ಮೇಲೆ. ಬೆಲ್ಟ್ ಈಗ ಎಲ್ಲಿದೆ ನೋಡಿ, ಕೋಳಿಗೂಡಿನ ಬಾಗಿಲಿಗೆ. ಕಂಪನಿಯವರು ಬಯ್ದುಕೊಳ್ಳಲಿ, ಬಹಳ ಗಟ್ಟಿ ಸರಕು.

ಸಂಮೋಹನದ ವಿಷಯ ಎತ್ತಿದ್ದು ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿ. ನಾನು ವ್ಯಾಯಾಮಕ್ಕೆ ಮೈ ಬಗ್ಗಿಸುವ ಮೊದಲೇ ಹಲ್ಲು ಕಚ್ಚುತ್ತಿದ್ದುದನ್ನು ಕಂಡು, “ಅಕ್ಕ, ನಿಮ್ಮ ಬೆನ್ನಿಗಿಂತ ಮೊದಲು ಭಯ ಬಗ್ಗಬೇಕು” ಎಂದಳು. ಮೈಸೂರಿನಲ್ಲಿ ಸಂಮೋಹನ ಚಿಕಿತ್ಸೆ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರ ವಿಳಾಸ ಕೊಟ್ಟಳು.

ಮನೆಯಲ್ಲಿ ಹೇಳಿದೆ. ಸಂಮೋಹನ ಎಂದರೆ ನಮ್ಮವರಿಗೆ ನೆನಪಾದದ್ದು ಬಸ್ ನಿಲ್ದಾಣದ ಗೋಡೆಯ ಮೇಲಿನ ವಶೀಕರಣದ ಚೀಟಿ. ಅತ್ತೆ ಮಾತ್ರ ನಿಧಾನವಾಗಿ ಅಡಿಕೆ ಕತ್ತರಿಸುತ್ತಾ, “ಮಾತಿನಲ್ಲೇ ಕಾಯಿಲೆ ವಾಸಿಯಾಗುವುದಿದ್ದರೆ, ನಿನ್ನ ಮಾವ ಬಯ್ದ ಬೈಗುಳಕ್ಕೆ ಈ ಮನೆಯಲ್ಲಿ ಯಾರಿಗೂ ನೆಗಡಿಯೂ ಬರಬಾರದಿತ್ತಮ್ಮ” ಎಂದರು. ಇದೇ ಅತ್ತೆ ಕಕ್ಕಡ 18ಕ್ಕೆ, ಅಂದರೆ ಆಟಿ ತಿಂಗಳ 18ನೆಯ ದಿನ, ಆಟಿಸೊಪ್ಪಿನ ಪಾಯಸ ಮಾಡಿ, ಆ ಸೊಪ್ಪಿನಲ್ಲಿ ಅಂದು 18 ಬಗೆಯ ಮದ್ದು ಸೇರಿರುತ್ತದೆ ಎಂದು ಎಲ್ಲರಿಗೂ ತಿನ್ನಿಸಿ, ಮರುದಿನ ಮೂತ್ರ ಕೆಂಪಾಯಿತೇ ಎಂದು ವಿಚಾರಿಸುವವರು. ನಾನು ಆ ಪಾಯಸವನ್ನು ಎಂದೂ ಪ್ರಶ್ನಿಸಿಲ್ಲ. ಅದನ್ನೇ ನೆನಪಿಸಿದೆ. ಹೋಗಿ ಬಾ ಎಂದರು.

ಬೆನ್ನುನೋವಿನ ಚಿಕಿತ್ಸೆಗೆ ಮೂರು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದರಲ್ಲಿರುವ ತಮಾಷೆ ನನಗೆ ಅರ್ಥವಾದದ್ದು ಪಿರಿಯಾಪಟ್ಟಣ ದಾಟಿದ ಮೇಲೆ. ಹುಣಸೂರಿನಿಂದ ಮುಂದೆ ಎದ್ದು ನಿಂತೇ ಹೋದೆ.

ಮೇಡಂ ಗಡಿಯಾರವನ್ನೂ ತೂಗಾಡಿಸಲಿಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡಲೂ ಇಲ್ಲ. ಮೊದಲು ಕೇಳಿದ್ದು ವೈದ್ಯರ ವರದಿ. ಆಮೇಲೆ ಒಂದೊಂದಾಗಿ ಪ್ರಶ್ನೆಗಳು: ಮಲಮೂತ್ರದ ಹಿಡಿತ ತಪ್ಪಿದೆಯೇ, ತೊಡೆಯ ಸಂದಿಯಲ್ಲಿ ಜೋಮು ಹಿಡಿಯುತ್ತದೆಯೇ, ಕಾಲು ಸೋಲುತ್ತದೆಯೇ, ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ. ಇವುಗಳಲ್ಲಿ ಒಂದಿದ್ದರೂ ನನ್ನ ಬಳಿ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ ಎಂದರು. ನೋಡುತ್ತಿರುವ ನಿಮಗೂ ಅದೇ ಮಾತು. ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ ಎಂದಾದರೂ ಇತ್ತೇ ಎಂದೂ ವಿಚಾರಿಸಿದರು, ಅಂಥವರಿಗೆ ಇದು ಹಿತವಲ್ಲವಂತೆ. 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸಂಮೋಹನವನ್ನು ತರಬೇತಿ ಪಡೆದವರು ಬಳಸಬಹುದಾದ ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿದೆ, ಪ್ರತ್ಯೇಕ ವೈದ್ಯಪದ್ಧತಿ ಎಂದು ಒಪ್ಪಿಲ್ಲ. ಹಾಗಾಗಿ ಯಾರ ಮುಂದೆ ಕಣ್ಣು ಮುಚ್ಚುತ್ತೀರಿ ಎಂಬುದನ್ನು ನೋಡಿಕೊಳ್ಳಿ.

ನಂತರ ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಲು ಹೇಳಿದರು. ಒಂದು ಕೈಯಲ್ಲಿ ನೀರು ತುಂಬಿದ ಬಕೆಟ್, ಇನ್ನೊಂದಕ್ಕೆ ಕಟ್ಟಿದ ಗಾಳಿಬುಗ್ಗೆ ಇದೆ ಎಂದುಕೊಳ್ಳಿ ಎಂದರು. ಕಣ್ಣು ತೆರೆದಾಗ ಬಕೆಟ್ಟಿನ ಕೈ ಒಂದು ಗೇಣು ಕೆಳಗಿತ್ತು. ನಾನು ಇಳಿಸಿರಲಿಲ್ಲ, ಆಣೆ. ಕೆಲವರಿಗೆ ಇದು ಬೇಗ ಹತ್ತುತ್ತದೆ, ಕೆಲವರಿಗೆ ಏನು ಮಾಡಿದರೂ ಹತ್ತುವುದಿಲ್ಲ, ಬಹಳ ಮಂದಿ ನಡುವಿನಲ್ಲಿರುತ್ತಾರೆ ಎಂದರು. ಇದನ್ನು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1959ರಲ್ಲೇ ಒಂದು ಅಳತೆಪಟ್ಟಿ ಮಾಡಿದ್ದಾರೆ. ನಾನು ನಡುವಿನವಳು.

ಮೊದಲ ದಿನ ಸೋತೆ. “ನೀವು ಕಡಲ ತೀರದಲ್ಲಿ ಮಲಗಿದ್ದೀರಿ” ಎಂದರು. ನನಗೆ ಕಡಲೆಂದರೆ ಮದುವೆಯಾದ ಹೊಸತರಲ್ಲಿ ಮಂಗಳೂರಿಗೆ ಹೋಗಿ ಹೊಸ ಚಪ್ಪಲಿ ಕಳೆದುಕೊಂಡದ್ದು. ಇಪ್ಪತ್ತು ನಿಮಿಷವೂ ಚಪ್ಪಲಿಯನ್ನೇ ಹುಡುಕಿದೆ. ಎದ್ದ ಮೇಲೆ ಹಾಗೆಂದೇ ಹೇಳಿದೆ. ಅವರು ನಕ್ಕು, ಕಡಲು ನನ್ನದು, ನಿಮ್ಮದು ಯಾವುದು ಹೇಳಿ ಎಂದು ಕೇಳಿದರು. ಯೋಚಿಸಲೇ ಇಲ್ಲ, ಸ್ಪ್ರಿಂಕ್ಲರ್ ಎಂದುಬಿಟ್ಟೆ. ರಾತ್ರಿ ಮಲಗಿದಾಗ ಕೇಳುವ ಆ ಟಿಕ್ ಟಿಕ್, ಒಂದು ಸುತ್ತು ತಿರುಗಿ ನಮ್ಮ ಹಂಚಿನ ತುದಿಗೆ ನಾಲ್ಕು ಹನಿ ಎರಚಿ ಮತ್ತೆ ದೂರ ಹೋಗುವುದು. ಅವರು ಅದನ್ನು ಬರೆದುಕೊಂಡರು.

ಮುಂದಿನವು ವಿಡಿಯೋ ಕರೆಯಲ್ಲಿ, ವಾರಕ್ಕೊಂದು. ಗೋಡೆಯ ಮೇಲಿನ ಒಂದು ಚುಕ್ಕಿ ನೋಡುವುದು, ರೆಪ್ಪೆ ಭಾರವಾಗುವುದು, ಹತ್ತರಿಂದ ಒಂದರವರೆಗೆ ಮೆಟ್ಟಿಲು ಇಳಿಯುವುದು. ನಿದ್ದೆ ಬರುವುದಿಲ್ಲ. ನಾಯಿ ಬೊಗಳುವುದು ಕೇಳುತ್ತದೆ, ಆದರೆ ಎದ್ದು ನೋಡಬೇಕೆನಿಸುವುದಿಲ್ಲ. ಕೆಳಗೆ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಬಲಗೈಯನ್ನು ಡಿಸೆಂಬರ್ ಬೆಳಗಿನ ತೋಡಿನ ನೀರಿಗೆ ಅದ್ದಬೇಕು. ಬೆರಳು ತಣ್ಣಗಾಗಿ, ಕೊರಡಾಗಿ, ನನ್ನದಲ್ಲ ಎನಿಸಿದಾಗ ಆ ಕೈಯನ್ನು ತಂದು ಸೊಂಟದ ಮೇಲೆ ಇಡಬೇಕು. ಆ ಮರಗಟ್ಟಿದ ತಂಪು ಸೊಂಟಕ್ಕೆ ಇಳಿಯುತ್ತದೆ. ಇದು ಹಳೆಯ ಉಪಾಯ, ಕೈಗವಸು ತೊಟ್ಟಂತೆ ಕೈ ಜಡವಾಗುವುದಕ್ಕೆ ಅವರಲ್ಲಿ ಹೆಸರೂ ಇದೆ.

ನೋವು ಹೋಯಿತೇ? ಇಲ್ಲ. ಚೆಕ್‌ರೋಲ್ ಪುಸ್ತಕದ ಹಿಂಬದಿಯಲ್ಲಿ ದಿನವೂ ಹತ್ತಕ್ಕೆ ಎಷ್ಟು ನೋವು ಎಂದು ಬರೆಯುತ್ತಿದ್ದೆ, ಇಗೋ ನೋಡಿ, ಕೂಲಿಯವರ ಹಾಜರಾತಿ ಈ ಕಡೆ, ನನ್ನ ಸೊಂಟ ಆ ಕಡೆ. ಮೇ ತಿಂಗಳಲ್ಲಿ ಎಲ್ಲವೂ ಏಳು, ಎಂಟು. ಆಗಸ್ಟ್ ಹೊತ್ತಿಗೆ ಐದು, ನಾಲ್ಕು, ನಡುವೆ ಒಂದು ಒಂಬತ್ತೂ ಇದೆ. ಆದರೆ ಐದು ಎಂದು ಬರೆದ ದಿನವೂ ನಾನು ಅಡುಗೆ ಮಾಡಿದ್ದೇನೆ, ತೋಟಕ್ಕೆ ಹೋಗಿದ್ದೇನೆ. ಹಿಂದೆ ಐದು ಎಂದರೆ ಹಾಸಿಗೆಯೇ.

ಇದು ಹೇಗೆ ಎಂದು ಹುಡುಕುತ್ತಾ ಹೋದಾಗ 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಸಿಕ್ಕಿತು. ಪಿಯೆರ್ ರೇನ್‌ವಿಲ್ ಮತ್ತು ಜೊತೆಯವರು ಜನರನ್ನು ಸಂಮೋಹನಕ್ಕೆ ಒಳಪಡಿಸಿ, ಕೈಯನ್ನು ಸುಡುವಷ್ಟು ಬಿಸಿನೀರಿನಲ್ಲಿ ಇಡಿಸಿದರು. ಈ ನೋವು ನಿಮಗೆ ಅಷ್ಟೇನೂ ಅಹಿತವಲ್ಲ ಎಂದು ಸೂಚಿಸಿದಾಗ, ನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ ಚಟುವಟಿಕೆ ಬದಲಾಯಿತು. ಎಲ್ಲಿ, ಎಷ್ಟು ಬಿಸಿ ಎಂಬುದನ್ನು ಗುರುತಿಸುವ ಭಾಗದಲ್ಲಿ ಹೇಳುವಂಥ ವ್ಯತ್ಯಾಸವಾಗಲಿಲ್ಲ. ನೀರು ಬಿಸಿಯಾಗಿಯೇ ಇತ್ತು, ಗೋಳು ತಗ್ಗಿತ್ತು. ಓದಿದಾಗ ನನ್ನ ಚೆಕ್‌ರೋಲನ್ನೇ ಯಾರೋ ನೋಡಿ ಬರೆದ ಹಾಗಿತ್ತು.

ಇದಕ್ಕಿಂತ ಹಳೆಯ ಕಥೆಯೂ ಒಂದಿದೆ, ಅದೂ ನಮ್ಮ ದೇಶದ್ದೇ. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ವೈದ್ಯ 1845ರಲ್ಲಿ ರೋಗಿಗಳನ್ನು ಇಂಥದ್ದೇ ಮಂಪರಿಗೆ ಒಯ್ದು ದೊಡ್ಡ ದೊಡ್ಡ ಗಡ್ಡೆಗಳನ್ನು ಕತ್ತರಿಸಿ ತೆಗೆಯುತ್ತಿದ್ದ. ಆಗ ಅದಕ್ಕೆ ಮೆಸ್ಮರಿಸಂ ಎಂಬ ಹೆಸರು. ಮರುವರ್ಷ ಈಥರ್, ಅದರ ಮರುವರ್ಷ ಕ್ಲೋರೋಫಾರ್ಮ್ ಬಂದವು, ಮಂಪರಿನ ಕೆಲಸ ಮುಗಿಯಿತು. ಕತ್ತಿಯ ಮುಂದೆ ನನಗೂ ಕ್ಲೋರೋಫಾರ್ಮೇ ಇರಲಿ. ಸೊಂಟಕ್ಕೆ ಸ್ಪ್ರಿಂಕ್ಲರ್ ಸಾಕು.

ಜುಲೈಯಲ್ಲಿ ನಡೆದದ್ದನ್ನು ಹೇಳದಿದ್ದರೆ ನಮ್ಮವರು ಬಿಡುವುದಿಲ್ಲ. ಹೊರಗೆ ಬಿಡದೆ ಸುರಿಯುತ್ತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು, ಮೊಬೈಲನ್ನು ಜೀಪಿನಲ್ಲಿ ಚಾರ್ಜ್ ಮಾಡಿ ತಂದಿದ್ದರು. ನಾನು ಮೆಟ್ಟಿಲಿಳಿದು, ಕೈಯನ್ನು ತೋಡಿನಲ್ಲಿಟ್ಟು ಕುಳಿತಿದ್ದೇನೆ. ಮೇಡಂ “ಈಗ ನಿಧಾನವಾಗಿ ಆ ಕೈಯನ್ನು” ಎಂದರು, ನೆಟ್‌ವರ್ಕ್ ಹೋಯಿತು. ಬಾಗಿಲ ಸಂದಿಯಿಂದ ಕಾವಲು ಕಾಯುತ್ತಿದ್ದ ಅತ್ತೆ, “ಅಯ್ಯೋ, ಇವಳನ್ನು ಎಬ್ಬಿಸುವ ಮಂತ್ರ ಆ ಹೆಂಗಸಿನ ಬಳಿಯೇ ಉಳಿಯಿತಲ್ಲ!” ಎಂದು ಕೂಗಿದರು. ಮಗ ಮರದ ಮೇಲೆ ಸಿಗ್ನಲ್ ಹುಡುಕಲು ಓಡಿದ. ನನಗೆ ಎಲ್ಲವೂ ಕೇಳುತ್ತಿತ್ತು, ಆದರೆ ಕೈ ತಣ್ಣಗೆ ಹಿತವಾಗಿತ್ತು, ಕೆಲಸ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ನಾನೇ ಕೈಯನ್ನು ಸೊಂಟಕ್ಕೆ ತಂದೆ, ನಾನೇ ಮೆಟ್ಟಿಲು ಹತ್ತಿ ಬಂದೆ, ಕಣ್ಣು ತೆರೆದು ಟೀ ಕೇಳಿದೆ. ಸಂಮೋಹನದಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮಾತು ನಿಂತರೆ ತಾವೇ ಎಚ್ಚರಗೊಳ್ಳುತ್ತಾರೆ, ಇಲ್ಲವೇ ನಿದ್ದೆ ಹೋಗಿ ಎದ್ದೇಳುತ್ತಾರೆ. ಮರುದಿನ ಮೇಡಂಗೆ ವರದಿ ಒಪ್ಪಿಸಿದಾಗ, ಇನ್ನು ಮುಂದೆ ನನ್ನ ಅವಶ್ಯಕತೆ ಕಡಿಮೆ ಎಂದರು. ಆಮೇಲೆ ಎರಡೇ ಭೇಟಿ. ಈಗ ದಿನವೂ ಊಟವಾದ ಮೇಲೆ ಹದಿನೈದು ನಿಮಿಷ ನಾನೇ ಮಾಡಿಕೊಳ್ಳುತ್ತೇನೆ. ಒಂದು ವಾರ ಬಿಟ್ಟರೆ ಸೊಂಟ ಜ್ಞಾಪಿಸುತ್ತದೆ.

ಫಿಸಿಯೋ ಹುಡುಗಿಯ ವ್ಯಾಯಾಮವನ್ನು ಬಿಟ್ಟಿಲ್ಲ. ಬಗ್ಗುವ ಮೊದಲು ಹಲ್ಲು ಕಚ್ಚುವುದು ನಿಂತ ಮೇಲೆ ತಾನೇ ಅದು ಮೈಗೆ ಹತ್ತಿದ್ದು.

ಬೆಳಕಾಯಿತು. ಈಗ ಗಿಡಗಳು ಕಾಣುತ್ತಿವೆ, ಮೊಗ್ಗು ಹಸಿರು ತಿರುಗಿರುವುದೂ ಕಾಣುತ್ತಿರಬೇಕು. ಈ ಭಾಗಕ್ಕೆ ನೀರು ಸಾಕು, ಪೈಪುಗಳನ್ನು ಮುಂದಿನ ಸಾಲಿಗೆ ಸರಿಸಬೇಕು. ಒಂದೊಂದು 20 ಅಡಿ ಉದ್ದ, ಎರಡು ಕಡೆ ಇಬ್ಬರು ಬೇಕು. ಹೋದ ವರ್ಷ ನಾನು ಈ ಕಲ್ಲಿನ ಮೇಲೆ ಕುಳಿತು ಯಾವ ಪೈಪು ಎಲ್ಲಿಗೆಂದು ಬೆರಳು ತೋರಿಸುತ್ತಿದ್ದೆ. ಪಂಪು ನಿಲ್ಲಿಸಿದರು, ಟಿಕ್ ಟಿಕ್ ನಿಂತಿತು ನೋಡಿ. ನಮ್ಮವರು ಆ ತುದಿಯಿಂದ ಕೂಗುತ್ತಿದ್ದಾರೆ. ಕ್ಯಾಮೆರಾ ಇಲ್ಲೇ ಬೇಲಿಗೂಟದ ಮೇಲಿರಲಿ, ಈ ತುದಿ ನಾನು ಹಿಡಿಯಬೇಕು.