'ಹಸುವನ್ನು ಕರೆದರು' ಎಂದರೇನು?

ಕೇಳುಗರಿಗೆ ನಮಸ್ಕಾರ.

'ಹಸುವನ್ನು ಕರೆದರು.' ಎರಡೇ ಪದದ ಈ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಹಸುವನ್ನು ಕೂಗಿದರೋ, ಹಾಲು ಹಿಂಡಿದರೋ? ವಾಕ್ಯ ಇಷ್ಟೇ ಇದ್ದರೆ ಎಂಥ ಪಂಡಿತರೂ ಹೇಳಲಾರರು. 'ಹೆಸರು ಹಿಡಿದು ಕರೆದರು' ಎಂದೊಡನೆ ಕೂಗು. 'ಚೆಂಬು ಹಿಡಿದು ಕೂತು ಕರೆದರು' ಎಂದೊಡನೆ ಹಾಲು. ಎರಡೂ ಕಡೆ 'ಹಿಡಿದು' ಇದೆ ನೋಡಿ, ಅದರ ಅರ್ಥವೂ ಬೇರೆಯಾಯಿತು.

ಹಳಗನ್ನಡದ ಬರವಣಿಗೆಯಲ್ಲಿ ಈ ತೊಡಕು ಇರಲಿಲ್ಲ. ಕೂಗುವ 'ಕರೆ'ಗೆ ಸಾಮಾನ್ಯ ರಕಾರ, ಹಾಲಿನ 'ಕಱೆ'ಗೆ ಶಕಟರೇಫ, ಅಂದರೆ 'ಱ' ಎಂಬ ಹಳೆಯ ಅಕ್ಷರ. ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದು ಸೇರಿದವು. ಅಂದರೆ ಇವು ಒಂದು ಪದದ ಎರಡು ಅರ್ಥಗಳಲ್ಲ, ಬೇರೆ ಬೇರೆ ಪದಗಳೇ.

'ಕಟ್ಟು' ಹಾಗಲ್ಲ. ಬಿಗಿಯುವುದು, ಒಂದುಗೂಡಿಸುವುದು ಎಂಬ ಒಂದೇ ಬೇರಿನಿಂದ ಹತ್ತಾರು ಕವಲು. ಹೊರೆ ಕಟ್ಟಿದರೆ ಬಿಗಿದಂತೆ, ಮನೆ ಕಟ್ಟಿದರೆ ಎಬ್ಬಿಸಿದಂತೆ, ಶುಲ್ಕ ಕಟ್ಟಿದರೆ ಪಾವತಿಸಿದಂತೆ, ಬೆಲೆ ಕಟ್ಟಿದರೆ ಅಳೆದು ಹೇಳಿದಂತೆ, ಕಥೆ ಕಟ್ಟಿದರೆ ಹೆಣೆದಂತೆ. ಇಲ್ಲೆಲ್ಲ 'ಏನನ್ನು?' ಎಂದು ಕೇಳಿದರೆ ಸಾಕು, ಕರ್ಮಪದವೇ ಅರ್ಥ ಹೇಳುತ್ತದೆ. ಆದರೆ 'ಮೂಗು ಕಟ್ಟಿದೆ', 'ಮೋಡ ಕಟ್ಟಿದೆ' ಎನ್ನುವಲ್ಲಿ ಕಟ್ಟಿದವರೇ ಇಲ್ಲ. ಮೂಗು, ಮೋಡ ಇಲ್ಲಿ ಕರ್ತೃಗಳು. ಹಾಗಾಗಿ ಅರ್ಥ ಮುಚ್ಚಿಕೊಳ್ಳುವುದರ ಕಡೆಗೆ, ದಟ್ಟವಾಗುವುದರ ಕಡೆಗೆ ಹೊರಳಿತು.

ಪದ ನಾಮಪದವೋ ಕ್ರಿಯಾಪದವೋ ಎಂಬುದು ಪ್ರತ್ಯಯದಿಂದ ಗೊತ್ತಾಗುತ್ತದೆ: 'ಕಟ್ಟಿದ', 'ಕಟ್ಟುತ್ತಾರೆ' ಕ್ರಿಯೆ; 'ಕಟ್ಟನ್ನು', 'ಕಟ್ಟಿಗೆ' ವಸ್ತು. ಇಲ್ಲೂ ಒಂದು ಎಡವುಗಲ್ಲಿದೆ. 'ಕಟ್ಟಿಗೆ ಹಗ್ಗ ಸುತ್ತು' ಎಂದರೆ ಕಾಗದದ ಕಟ್ಟೋ ಮತ್ತೊಂದೋ ಇರಬಹುದು. 'ಕಟ್ಟಿಗೆ ಒಡೆ' ಎಂದರೆ ಸೌದೆ. ಪ್ರತ್ಯಯದಂತೆ ಕಂಡದ್ದು ಪದದ ಭಾಗವೇ ಆಗಿತ್ತು.

ಹಾಗಾಗಿ ಸಂದೇಹ ಬಂದ ಕೂಡಲೇ ನಿಘಂಟು ತೆರೆಯಬೇಡಿ. ಹಿಂದಿನ ವಾಕ್ಯ, ಮುಂದಿನ ವಾಕ್ಯ ಓದಿ, ಅರ್ಥವನ್ನು ಊಹಿಸಿ, ಆಮೇಲೆ ನಿಘಂಟು ನೋಡಿ. ಮೊದಲೇ ನೋಡಿದರೆ ಅಲ್ಲಿ ಮೊದಲು ಕೊಟ್ಟ ಅರ್ಥಕ್ಕೇ ಮನಸ್ಸು ಅಂಟಿಕೊಳ್ಳುತ್ತದೆ. ಹೆಚ್ಚಿನ ತಪ್ಪುಗಳು ಹುಟ್ಟುವುದೇ ಇಲ್ಲಿ. ಸಿಕ್ಕ ಅರ್ಥವನ್ನು ಪದದ ಜಾಗದಲ್ಲಿ ಇಟ್ಟು ವಾಕ್ಯವನ್ನು ಗಟ್ಟಿಯಾಗಿ ಓದಿ. 'ಶುಲ್ಕ ಬಿಗಿದರು' ಕಿವಿಗೆ ಒಪ್ಪದು; 'ಶುಲ್ಕ ಪಾವತಿಸಿದರು' ಒಪ್ಪುತ್ತದೆ.

ಈ ಪರೀಕ್ಷೆ ಸೋಲುವುದು ನುಡಿಗಟ್ಟುಗಳಲ್ಲಿ. 'ಕೊನೆ ಗಳಿಗೆಯಲ್ಲಿ ಕೈ ಕೊಟ್ಟ' ಎಂಬಲ್ಲಿ ಕೈಗೆ ಒಂದು ಅರ್ಥ, ಕೊಡುವುದಕ್ಕೆ ಒಂದು ಅರ್ಥ ಎಂದು ಬಿಡಿಸಿದರೆ ಮೋಸದ ಮಾತು ಸಿಕ್ಕುವುದೇ ಇಲ್ಲ. ಎರಡನ್ನೂ ಒಟ್ಟಾಗಿ ಹಿಡಿಯಬೇಕು. 'ಹಳ್ಳಕ್ಕೆ ಬಿದ್ದವನಿಗೆ ಕೈ ಕೊಟ್ಟ' ಎಂಬಲ್ಲಿ ಮಾತ್ರ ಕೈ ನಿಜವಾದ ಕೈ.

ಬರಹದಲ್ಲಿ ನಡುವಿನ ಜಾಗವನ್ನೂ ಗಮನಿಸಿ. 'ನೀನು ಹೋಗಿಬಿಡು' ಎಂದರೆ ಹೊರಡು ಎಂದಷ್ಟೇ. 'ಮಗುವನ್ನು ಮನೆಗೆ ಹೋಗಿ ಬಿಡು' ಎಂದರೆ ತಲುಪಿಸಿ ಬಾ. ಮಾತಿನಲ್ಲಾದರೆ ಆ ಜಾಗದ ಕೆಲಸವನ್ನು ಚಿಕ್ಕದೊಂದು ತಡೆ ಮಾಡುತ್ತದೆ.

ಪದಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವವರು ಅರ್ಥದ ಜೊತೆಗೆ ಅದು ಸಿಕ್ಕ ವಾಕ್ಯವನ್ನೂ ಪೂರ್ತಿ ಬರೆಯಿರಿ, ಕೆಳಗೆ ನಾಲ್ಕೈದು ಸಾಲು ಖಾಲಿ ಬಿಡಿ. ಮುಂದೆ ಅದೇ ಪದ ಬೇರೆ ಅರ್ಥದಲ್ಲಿ ಸಿಕ್ಕೇ ಸಿಗುತ್ತದೆ. ಇವತ್ತು 'ಹಿಡಿ'ಯಿಂದ ಶುರು ಮಾಡಬಹುದು: ಮಳೆ ಹಿಡಿದಿದೆ, ಕಬ್ಬಿಣಕ್ಕೆ ತುಕ್ಕು ಹಿಡಿದಿದೆ, ಬೇರೆ ದಾರಿ ಹಿಡಿದ, ಈ ಡಬ್ಬಿ ಎರಡು ಲೀಟರ್ ಹಿಡಿಯುತ್ತದೆ, ಒಂದು ಹಿಡಿ ಮಣ್ಣು.

ನಮಸ್ಕಾರ.