ಅಧ್ಯಕ್ಷ ಸ್ಥಾನಕ್ಕೆ ನಿಲ್ಲೋ ಮುಂಚೆ ಕ್ಲಬ್ಬಿನ ಲೆಕ್ಕದ ಪುಸ್ತಕ ಕೇಳಿ ನೋಡಿ

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ಯಾವುದೇ ವಿದ್ಯಾರ್ಥಿ ಕ್ಲಬ್ ತಗೊಳ್ಳಿ. ಚುನಾವಣೆ ನೋಟಿಸ್ ಬಿತ್ತು ಅಂದ್ರೆ ಸಂಜೆ ಅಷ್ಟೊತ್ತಿಗೆ ನಾಲ್ಕು ಪೋಸ್ಟರ್ ರೆಡಿ. ಮೂರರಲ್ಲಿ ಕೈಕಟ್ಟಿ ನಿಂತ ಫೋಟೋ, ಒಂದರಲ್ಲಿ ಮೈಕ್ ಹಿಡಿದ ಫೋಟೋ. ನಾಲ್ಕರಲ್ಲೂ ‘ಬದಲಾವಣೆ’ ಅನ್ನೋ ಪದ. ಏನು ಬದಲಾಗ್ಬೇಕು ಅಂತ ಕೇಳಿದ್ರೆ ತಡವರಿಸ್ತಾರೆ, ಯಾಕಂದ್ರೆ ಈಗ ಏನಿದೆ ಅಂತ ನಾಲ್ವರಲ್ಲಿ ಒಬ್ಬರೂ ನೋಡಿರಲ್ಲ.

ನನ್ನ ಅಭಿಪ್ರಾಯ ಸುತ್ತಿ ಬಳಸದೆ ಹೇಳ್ಬಿಡ್ತೀನಿ. ಕ್ಲಬ್ಬಿನ ನಿಯಮಾವಳಿ, ಕಳೆದ ವರ್ಷದ ಸಭೆಗಳ ನಡಾವಳಿ, ಲೆಕ್ಕದ ಪುಸ್ತಕ, ಈ ಮೂರನ್ನ ಓದದೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಾರದು. ಓದಿದ ಮೇಲೂ ನಿಲ್ಲಬೇಕು ಅನ್ಸಿದ್ರೆ ಧಾರಾಳವಾಗಿ ನಿಲ್ಲಿ. ಓದಿದ ಮೇಲೆ ಎಷ್ಟೋ ಜನಕ್ಕೆ ತಮಗೆ ಹೊಂದೋದು ಖಜಾಂಚಿ ಕೆಲಸ ಅಂತ ಗೊತ್ತಾಗುತ್ತೆ. ಅದು ಸಣ್ಣ ಸ್ಥಾನ ಅಂತ ಅಂದ್ಕೋಬೇಡಿ. ದುಡ್ಡು ಎಲ್ಲಿದೆ, ಎಷ್ಟಿದೆ, ಯಾವಾಗ ಬರುತ್ತೆ ಅಂತ ಗೊತ್ತಿರೋ ಮನುಷ್ಯನ ಮಾತಿಗೆ ಕಮಿಟಿಯಲ್ಲಿ ಅಧ್ಯಕ್ಷರ ಮಾತಿಗಿಂತ ಹೆಚ್ಚು ತೂಕ ಇರುತ್ತೆ.

ಮೊದಲು ನಿಯಮಾವಳಿ. ನಾಲ್ಕೈದು ಪುಟ ಇರುತ್ತೆ, ಅರ್ಧ ಗಂಟೆ ಕೆಲಸ. ಯಾರು ನಿಲ್ಲಬಹುದು ಅನ್ನೋ ಕಲಂ ಹುಡುಕಿ. ಕೆಲವು ಕಡೆ ಇಷ್ಟು ತಿಂಗಳು ಸದಸ್ಯರಾಗಿರಬೇಕು ಅಂತ ಇರುತ್ತೆ, ಕೆಲವು ಕಡೆ ಇನ್ನೂ ಎರಡು ಸೆಮಿಸ್ಟರ್ ಓದು ಬಾಕಿ ಇರಬೇಕು ಅಂತ ಇರುತ್ತೆ. ನಾಮಪತ್ರಕ್ಕೆ ಸೂಚಕರು, ಅನುಮೋದಕರು ಬೇಕಾ? ಬೇಕಾದ್ರೆ ಅವರಿಬ್ಬರೂ ಶುಲ್ಕ ಕಟ್ಟಿದ ಸದಸ್ಯರಾ? ಈ ಕೊನೇ ಪ್ರಶ್ನೆಯಲ್ಲೇ ಬಹಳ ಜನ ಎಡವೋದು. ಆಪ್ತ ಸ್ನೇಹಿತನ ಸಹಿ ಹಾಕಿಸಿ ಕೊಡ್ತಾರೆ. ಸ್ನೇಹಿತ ಕಾರ್ಯಕ್ರಮಕ್ಕೆಲ್ಲ ಬಂದಿರ್ತಾನೆ, ಆದ್ರೆ ಸದಸ್ಯತ್ವ ನವೀಕರಿಸಿರಲ್ಲ. ನಾಮಪತ್ರ ತಿರಸ್ಕೃತ. ಹಾಗಾಗಿ ಒಬ್ಬರ ಬದಲು ಇಬ್ಬರು ಅನುಮೋದಕರ ಸಹಿ ಹಾಕಿಸಿ, ಕೊನೇ ದಿನಕ್ಕೆ ಎರಡು ದಿನ ಮುಂಚೆ ಕೊಡಿ. ತಪ್ಪಿದ್ರೂ ಸರಿಮಾಡ್ಕೊಳ್ಳೋಕೆ ಟೈಮ್ ಸಿಗುತ್ತೆ.

ಆಮೇಲೆ ಕೋರಂ, ಅಂದ್ರೆ ಸಭೆ ಊರ್ಜಿತ ಆಗೋಕೆ ಕನಿಷ್ಠ ಎಷ್ಟು ಜನ ಇರಬೇಕು ಅನ್ನೋದು. ಇದರ ಜೊತೆಗೇ ಗೆಲುವು ಯಾವುದು ಅನ್ನೋದನ್ನೂ ಓದಿ, ಯಾಕಂದ್ರೆ ಇಲ್ಲಿ ಲೆಕ್ಕ ಇದೆ. ಪಟ್ಟಿಯಲ್ಲಿ 120 ಸದಸ್ಯರು ಅಂತ ಇಟ್ಕೊಳ್ಳಿ. ಕೋರಂ ಮೂರನೇ ಒಂದು ಭಾಗ, ಅಂದ್ರೆ 40. ಚುನಾವಣೆ ಸಭೆಗೆ ಬಂದವರು 46. ಮೂವರು ಅಭ್ಯರ್ಥಿಗಳು, ಮತ 18, 15, 13. ಅತಿ ಹೆಚ್ಚು ಮತ ಬಂದವರು ಗೆದ್ದಂಗೆ ಅಂತ ನಿಯಮ ಇದ್ರೆ 18 ಬಂದವರು ಅಧ್ಯಕ್ಷರು. ಹಾಕಿದ ಮತದಲ್ಲಿ ಅವರಿಗೆ ಬಿದ್ದಿದ್ದು ಶೇಕಡಾ 39. ಪಟ್ಟಿಯಲ್ಲಿರೋ 120 ಜನರಲ್ಲಿ ನೋಡಿದ್ರೆ ಶೇಕಡಾ 15.

ಅದೇ ನಿಯಮದಲ್ಲಿ ‘ಬಹುಮತ’ ಅಂತ ಇದೆ ಅನ್ಕೊಳ್ಳಿ, ಅಂದ್ರೆ ಅರ್ಧಕ್ಕಿಂತ ಹೆಚ್ಚು. ಆಗ 24 ಬೇಕು. ಯಾರಿಗೂ ಇಲ್ಲ. ಕೊನೆಯವರನ್ನ ಬಿಟ್ಟು ಮತ್ತೆ ಮತದಾನ. ಆ 13 ಜನರಲ್ಲಿ 9 ಜನ ಎರಡನೆಯವರ ಕಡೆ, 4 ಜನ ಮೊದಲನೆಯವರ ಕಡೆ ಹೋದ್ರು. ಈಗ 24 ಮತ್ತು 22. ಮೊದಲ ಸುತ್ತಲ್ಲಿ ಹಿಂದಿದ್ದವರು ಗೆದ್ರು. ಅದೇ ಸದಸ್ಯರು, ಅದೇ ಅಭ್ಯರ್ಥಿಗಳು, ಅದೇ ದಿನ. ಬದಲಾಗಿದ್ದು ನಿಯಮಾವಳಿಯ ಒಂದು ಪದ. ಬಹುಮತದ ನಿಯಮ ಇರೋ ಕ್ಲಬ್ಬಲ್ಲಿ ಎದುರಾಳಿಯ ಬೆಂಬಲಿಗರ ಜೊತೆ ಜಗಳ ಆಡೋದು ಕಾಲ ಮೇಲೆ ಕಲ್ಲು ಹಾಕ್ಕೊಂಡಂಗೆ, ಯಾಕಂದ್ರೆ ಎರಡನೇ ಸುತ್ತಲ್ಲಿ ಅವರೇ ನಿಮಗೆ ಬೇಕು.

ಮತದಾನದ ನಿಯಮದ ಈ ತಲೆನೋವು ಹೊಸದೇನಲ್ಲ. ಮೂರು ಅಥವಾ ಹೆಚ್ಚು ಆಯ್ಕೆ ಇದ್ದಾಗ ಬಹುಮತ ಅನ್ನೋದು ತಿರುಗಣಿ ಥರ ಸುತ್ತಬಹುದು, ಅಂದ್ರೆ ಮೊದಲನೆಯವರು ಎರಡನೆಯವರನ್ನ, ಎರಡನೆಯವರು ಮೂರನೆಯವರನ್ನ, ಮೂರನೆಯವರು ಮತ್ತೆ ಮೊದಲನೆಯವರನ್ನ ಸೋಲಿಸಬಹುದು ಅಂತ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ತೋರಿಸಿದ್ದ. ಸಭೆ ನಡೆಸೋದು ಹೇಗೆ ಅನ್ನೋದಕ್ಕೆ ಜಗತ್ತಿನಾದ್ಯಂತ ಕ್ಲಬ್ಬುಗಳು ನೋಡೋ ‘ರಾಬರ್ಟ್ಸ್ ರೂಲ್ಸ್’ ಮೊದಲು ಅಚ್ಚಾಗಿದ್ದು 1876ರಲ್ಲಿ. ಬರೆದ ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೇನೆಯ ಎಂಜಿನಿಯರ್. ಒಂದು ಸಭೆಯ ಅಧ್ಯಕ್ಷತೆ ಹೊತ್ತು, ಅದನ್ನ ನಡೆಸೋಕೆ ಬಾರದೆ ಮುಜುಗರ ಪಟ್ಟಿದ್ದೇ ಆ ಪುಸ್ತಕಕ್ಕೆ ಕಾರಣ. ನಿಮ್ಮ ನಿಯಮಾವಳಿ ಆ ಪುಸ್ತಕಕ್ಕೆ ಕೈತೋರಿಸಿದ್ರೆ ಒಂದೆರಡು ವಿಷಯ ನೆನಪಿಡಿ. ಅದರ ಪ್ರಕಾರ ಖಾಲಿ ಚೀಟಿ, ತಟಸ್ಥರು ಲೆಕ್ಕಕ್ಕಿಲ್ಲ, ಹಾಕಿದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದ್ರೆ ಬಹುಮತ. ಬೇರೆಯವರ ಪರವಾಗಿ ಮತ ಹಾಕೋಕೆ, ಕ್ಲಬ್ಬಿನ ನಿಯಮ ಒಪ್ಪದೇ ಇದ್ರೆ, ಅವಕಾಶ ಇಲ್ಲ. ‘ನಾನು ಊರಲ್ಲಿದ್ದೀನಿ, ನನ್ನ ವೋಟು ನೀನೇ ಹಾಕ್ಬಿಡು’ ಅಂತ ಮೆಸೇಜ್ ಕಳಿಸಿದವರನ್ನ ನಿಮ್ಮ ಎಣಿಕೆಯಿಂದ ತೆಗೀರಿ.

ಈಗ ಲೆಕ್ಕದ ಪುಸ್ತಕ. ಒಟ್ಟು ಎಷ್ಟು ಉಳಿದಿದೆ ಅಂತ ನೋಡಿ ಮುಚ್ಚಿಡ್ಬೇಡಿ. ಆದಾಯ ಎಲ್ಲಿಂದ ಬರುತ್ತೆ ಅನ್ನೋದು ಮುಖ್ಯ. ಸದಸ್ಯತ್ವ ಶುಲ್ಕ ಎಷ್ಟು ಪಾಲು, ವಿಶ್ವವಿದ್ಯಾಲಯದ ಅನುದಾನ ಎಷ್ಟು, ಪ್ರಾಯೋಜಕರದು ಎಷ್ಟು? ಅನುದಾನ ಮೊದಲೇ ಕೈಗೆ ಬರುತ್ತಾ, ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಬರುತ್ತಾ? ಎರಡನೇ ಥರ ಆದ್ರೆ ವರ್ಷಪೂರ್ತಿ ಯಾರೋ ಒಬ್ಬರ ಜೇಬಿಂದ ಕ್ಲಬ್ ನಡೀತಾ ಇದೆ ಅಂತ ಅರ್ಥ. ಒಂದು ಕಾರ್ಯಕ್ರಮದ ಬಿಲ್ಲುಗಳನ್ನ ತೆಗೆದು ಹರಡಿ. ಒಂದರಲ್ಲಿ ದಿನಾಂಕ ಇಲ್ಲ. ಇನ್ನೊಂದರಲ್ಲಿ ಕ್ಲಬ್ಬಿನ ಬದಲು ವಿದ್ಯಾರ್ಥಿಯ ಹೆಸರಿದೆ. ಮೂರನೇದು ಅಚ್ಚು ಮಾಸಿಹೋಗಿ ಬರೀ ಬಿಳಿ ಕಾಗದ, ಯಾಕಂದ್ರೆ ಅದು ಶಾಖಕ್ಕೆ ಕಪ್ಪಾಗೋ ಕಾಗದದಲ್ಲಿ ಬಂದ ರಸೀದಿ, ಇಟ್ಟಲ್ಲೇ ಮಾಸುತ್ತೆ. ಈ ಮೂರನ್ನೂ ಹಣಕಾಸು ವಿಭಾಗ ವಾಪಸ್ ಕಳಿಸುತ್ತೆ. ದುಡ್ಡು ಕೊಟ್ಟ ವಿದ್ಯಾರ್ಥಿಗೆ ಬಿತ್ತು ನಾಮ. ಮುಂದಿನ ವರ್ಷ ಅವನು ಕ್ಲಬ್ ಕಡೆ ತಲೆನೂ ಹಾಕಲ್ಲ. ‘ನಮ್ಮ ಕ್ಲಬ್ಬಲ್ಲಿ ಯಾರಿಗೂ ಉತ್ಸಾಹ ಇಲ್ಲ’ ಅಂತ ಅಭ್ಯರ್ಥಿಗಳು ಭಾಷಣ ಬಿಗೀತಾರಲ್ಲ, ಆ ಉತ್ಸಾಹ ಸತ್ತಿದ್ದು ಎಷ್ಟೋ ಸಲ ಇಂಥಾ ಕಡೆ. ಪ್ರತಿ ರಸೀದಿಯನ್ನ ಅವತ್ತೇ ಫೋಟೋ ತೆಗೆದು ಒಂದೇ ಫೋಲ್ಡರಿಗೆ ಹಾಕ್ತೀವಿ, ವಾರದೊಳಗೆ ಬಿಲ್ ಸಲ್ಲಿಸ್ತೀವಿ ಅಂತ ಒಂದು ಭರವಸೆ ಕೊಡಿ. ಪೋಸ್ಟರಿನ ಹತ್ತು ಘೋಷಣೆಗಿಂತ ಅದು ಮೇಲು.

ನಡಾವಳಿಯಲ್ಲಿ ಹುಡುಕಬೇಕಾಗಿದ್ದು ಒಂದೇ. ಮೂರು ಸಭೆಯಲ್ಲಿ ಸತತವಾಗಿ ‘ಮುಂದಿನ ಸಭೆಯಲ್ಲಿ ಚರ್ಚಿಸುವುದು’ ಅಂತ ಬಿದ್ದಿರೋ ವಿಷಯ ಯಾವುದು? ನಿಮ್ಮ ಪ್ರಣಾಳಿಕೆ ಅಲ್ಲೇ ಸಿಗುತ್ತೆ.

ಪ್ರಣಾಳಿಕೆ ಅಂದ್ನಲ್ಲ, ಮೂರು ಭರವಸೆ ಸಾಕು. ಪ್ರತಿಯೊಂದಕ್ಕೂ ದಿನಾಂಕ, ಖರ್ಚು, ಜವಾಬ್ದಾರಿ ಹೊರೋರ ಹೆಸರು ಇರಬೇಕು. ‘ಕ್ಲಬ್ಬನ್ನ ಎತ್ತರಕ್ಕೆ ಒಯ್ತೀನಿ’ ಅನ್ನೋ ವಾಕ್ಯದಲ್ಲಿ ಮೂರೂ ಇಲ್ಲ. ‘ಪ್ರತಿ ತಿಂಗಳ ಎರಡನೇ ಬುಧವಾರ ಹೊಸಬರಿಗೆ ಒಂದು ಗಂಟೆಯ ತರಬೇತಿ, ಕೊಠಡಿ ಸೆಮಿಸ್ಟರ್ ಶುರುವಿನಲ್ಲೇ ಕಾದಿರಿಸೋದು, ಖರ್ಚು ಮುದ್ರಣದ್ದು ಮಾತ್ರ’ ಅಂದ್ರೆ ಎಲ್ಲಾ ಬಂತು, ಹೆಸರೊಂದನ್ನ ಸೇರಿಸ್ಬಿಡಿ. ಕ್ಯಾಲೆಂಡರ್ ಮುಂದಿಟ್ಕೊಂಡೇ ಬರೀರಿ. ಸೆಮಿಸ್ಟರ್ 16 ವಾರ ಅಂದ್ರೆ ಮೊದಲ 2 ವಾರ ಯಾರೂ ನೆಟ್ಟಗೆ ಬಂದು ಸೇರಿರಲ್ಲ, ನಡುವಿನ ಪರೀಕ್ಷೆಗೆ 1 ವಾರ ಹೋಯ್ತು, ಕೊನೇ 3 ವಾರ ಓದಿಗೆ. ಉಳಿದಿದ್ದು 10. ಸಭಾಂಗಣ, ಅನುಮತಿ, ಅತಿಥಿ ಅಂತ ಇರೋ ದೊಡ್ಡ ಕಾರ್ಯಕ್ರಮಕ್ಕೆ ತಯಾರಿನೇ 5–6 ವಾರ ಬೇಕು. ಹಾಗಾಗಿ ಸೆಮಿಸ್ಟರಿಗೆ ದೊಡ್ಡದು ಒಂದು, ಸಣ್ಣವು ಮೂರು. ‘ವಾರಕ್ಕೊಂದು ಕಾರ್ಯಕ್ರಮ’ ಅನ್ನೋರಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಅಂತ ನಾನಂತೂ ತೀರ್ಮಾನ ಮಾಡ್ತೀನಿ.

ಪ್ರಚಾರಕ್ಕೆ ಬರೋಣ. ಗ್ರೂಪಿಗೆ ಪೋಸ್ಟರ್ ಹಾಕೋದು ಪ್ರಚಾರ ಅಲ್ಲ, ಅದು ಗೋಡೆಗೆ ಹೇಳಿದಂಗೆ. ಇಪ್ಪತ್ತು ಜನರ ಜೊತೆ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಮಾತಾಡಿ, ಒಟ್ಟು 5 ಗಂಟೆ. ನಮ್ಮ ಉದಾಹರಣೆಯ 46 ಜನರ ಸಭೆಯಲ್ಲಿ ಇಪ್ಪತ್ತು ಜನ ಅಂದ್ರೆ ಗೆಲುವಿನ ಹತ್ತಿರ ಹತ್ತಿರ. ಯಾರ ಜೊತೆ ಮಾತಾಡ್ಬೇಕು? ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಿಚಿಡೋಕೆ ನಿಲ್ಲೋರ ಜೊತೆ. ಅವರು ಚುನಾವಣೆ ಸಭೆಗೆ ತಪ್ಪದೆ ಬರ್ತಾರೆ. ನೀವು ಮಾತಾಡೋದು ಕಮ್ಮಿ ಇರಲಿ. ‘ಕಳೆದ ವರ್ಷ ಯಾವ ಕಾರ್ಯಕ್ರಮಕ್ಕೆ ಬರಬಾರದಿತ್ತು ಅನ್ನಿಸ್ತು?’ ಅಂತ ಕೇಳಿ ಸುಮ್ಮನಿರಿ. ಬರೋ ಉತ್ತರ ಬರ್ಕೊಳ್ಳಿ. ಕೊನೆಗೆ ‘ಸಭೆ ದಿನ ಇರ್ತೀರಾ?’ ಅಂತ ವಿಚಾರಿಸಿ. ‘ನನಗೇ ವೋಟ್ ಹಾಕ್ತೀರಾ’ ಅಂದ್ರೆ ಎಲ್ಲರೂ ಹೂಂ ಅಂತಾರೆ, ಆ ಹೂಂಗೆ ಬೆಲೆ ಇಲ್ಲ. ಕೊನೇ ದಿನ ಹಾಸ್ಟೆಲ್ಲಿನ ಹದಿನೈದು ಜನರನ್ನ ಸದಸ್ಯರನ್ನಾಗಿ ಮಾಡಿ ತುಂಬಿಸೋ ಚಾಳಿ ಒಂದಿದೆ. ಮತದಾನಕ್ಕೆ ಕಟ್-ಆಫ್ ದಿನಾಂಕ, ಅಂದ್ರೆ ಇಂಥ ದಿನದೊಳಗೆ ಸದಸ್ಯರಾದವರಿಗಷ್ಟೇ ಮತ ಅನ್ನೋ ನಿಯಮ, ಇದ್ರೆ ಅದು ನೀರಲ್ಲಿ ಹೋಮ. ಇಲ್ಲದಿದ್ರೆ ಗೆಲ್ಲಬಹುದು, ಆದ್ರೆ ಕುರ್ಚಿ ಮಡಿಚೋರು ಆಮೇಲೆ ನಿಮಗೋಸ್ಕರ ಬೆರಳೂ ಎತ್ತಲ್ಲ.

ಭಾಷಣಕ್ಕೆ ಸಾಮಾನ್ಯವಾಗಿ 2 ನಿಮಿಷ ಕೊಡ್ತಾರೆ. ಹೆಸರು, ವಿಭಾಗ, ಈವರೆಗೆ ಮಾಡಿದ ಕೆಲಸ 15 ಸೆಕೆಂಡ್. ಲೆಕ್ಕದಲ್ಲೋ ನಡಾವಳಿಯಲ್ಲೋ ಕಂಡ ಒಂದು ತೊಂದರೆ 45 ಸೆಕೆಂಡ್. ಅದಕ್ಕೆ ಏನ್ಮಾಡ್ತೀರಿ 45. ಕೊನೇ 15ರಲ್ಲಿ ಮತ ಕೇಳಿ, ಕೂತ್ಕೊಳ್ಳಿ. ಫೋನಲ್ಲಿ ಟೈಮರ್ ಇಟ್ಟು ನಿಂತ್ಕೊಂಡು ಓದಿ ನೋಡಿ. ಕೂತು ಮನಸ್ಸಲ್ಲಿ ಓದಿದ್ರೆ ಯಾವಾಗ್ಲೂ ಬೇಗ ಮುಗಿಯುತ್ತೆ, ವೇದಿಕೆ ಮೇಲೆ ಮುಗಿಯಲ್ಲ. ಹೋಗ್ತಾ ಇರೋ ಕಮಿಟಿಯನ್ನ ಹೀಯಾಳಿಸ್ಬೇಡಿ. ಅವರೂ ಮತದಾರರು, ಜೊತೆಗೆ ಕ್ಲಬ್ಬಿನ ಪಾಸ್‌ವರ್ಡ್‌ಗಳೆಲ್ಲಾ ಅವರ ಹತ್ರಾನೇ ಇರೋದು.

ಮತದಾನ ಆನ್‌ಲೈನ್ ಫಾರ್ಮಲ್ಲಿ ನಡೆಯೋದಾದ್ರೆ ಹಿಂದಿನ ದಿನವೇ ಚುನಾವಣಾಧಿಕಾರಿಯನ್ನ ಲಿಖಿತವಾಗಿ ಕೇಳಿ. ಫಾರ್ಮ್ ಯಾರ ಖಾತೆಯಲ್ಲಿದೆ? ಅಭ್ಯರ್ಥಿಯ ಖಾತೆಯಲ್ಲಂತೂ ಇರಬಾರದು. ಒಬ್ಬರಿಗೆ ಒಂದೇ ಉತ್ತರ ಅನ್ನೋ ಸೆಟ್ಟಿಂಗ್ ಹಾಕಿದೆಯಾ? ಗೂಗಲ್ ಫಾರ್ಮಲ್ಲಿ ಅದನ್ನ ಹಾಕಿದ್ರೆ ಲಾಗಿನ್ ಕಡ್ಡಾಯ ಆಗುತ್ತೆ, ಆದ್ರೂ ಇಮೇಲ್ ಸಂಗ್ರಹಿಸೋದನ್ನ ಆಫ್ ಇಟ್ರೆ ಯಾರು ಯಾರಿಗೆ ಹಾಕಿದ್ರು ಅಂತ ಫಾರ್ಮ್ ಮಾಡಿದವರಿಗೆ ಕಾಣಲ್ಲ. ಕಳಿಸಿದ ಮೇಲೆ ತಿದ್ದೋ ಅವಕಾಶ, ಫಲಿತಾಂಶದ ಸಾರಾಂಶ ಎಲ್ಲರಿಗೂ ತೋರಿಸೋ ಅವಕಾಶ, ಎರಡೂ ಆಫ್ ಇರಬೇಕು. ಇಲ್ಲದಿದ್ರೆ ಅರ್ಧ ಮತದಾನ ಆಗೋಷ್ಟರಲ್ಲಿ ಯಾರು ಮುಂದಿದ್ದಾರೆ ಅಂತ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತೆ. ಇದನ್ನೆಲ್ಲ ಸೋತ ಮೇಲೆ ಕೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಮುಂಚೆ ಕೇಳಿದ್ರೆ ಜವಾಬ್ದಾರಿ ಅಂತಾರೆ.

ಸೋತ್ರೆ? ಒಂದು ವಾರದೊಳಗೆ ಗೆದ್ದವರ ಹತ್ರ ಹೋಗಿ ನಿಮ್ಮ ಮೂರು ಭರವಸೆಯಲ್ಲಿ ಒಂದನ್ನ ನಾನೇ ಮಾಡಿಕೊಡ್ತೀನಿ ಅನ್ನಿ. ದಿನಾಂಕ, ಖರ್ಚು ಎಲ್ಲಾ ನಿಮ್ಮ ಹತ್ರ ರೆಡಿ ಇದೆಯಲ್ಲ.

ಗೆದ್ರೆ, ಹಾರ ತುರಾಯಿ ಆಮೇಲೆ. ಬ್ಯಾಂಕ್ ಖಾತೆಗೆ ಸಹಿ ಯಾರದು? ಸೋಷಿಯಲ್ ಮೀಡಿಯಾ ಖಾತೆಗೆ ಲಾಗಿನ್ ಆಗೋವಾಗ ಬರೋ ಓಟಿಪಿ ಯಾರ ಫೋನಿಗೆ ಹೋಗುತ್ತೆ? ಪದವಿ ಮುಗಿಸಿ ಹೋದ ಹಿರಿಯರ ನಂಬರಿಗಾದ್ರೆ ಅವರು ನಂಬರ್ ಬದಲಾಯಿಸಿದ ದಿನ ಖಾತೆ ಕೈತಪ್ಪಿತು ಅಂತಾನೇ ಲೆಕ್ಕ. ಬೀರುವಿನ ಕೀ, ಸಾಮಾನಿನ ಪಟ್ಟಿ, ಬಾಕಿ ಬಿಲ್ಲುಗಳನ್ನ ಹಳಬರ ಎದುರಲ್ಲೇ ಒಂದೊಂದಾಗಿ ಎಣಿಸಿ ಇಸ್ಕೊಳ್ಳಿ. ಖಾತೆಯ ಸಹಿ ಬದಲಾಯಿಸೋಕೆ ಹೋದ್ರೆ ಬ್ಯಾಂಕಿನವರು ಸಾಮಾನ್ಯವಾಗಿ ಕೇಳೋದು ಹೊಸ ಪದಾಧಿಕಾರಿಗಳನ್ನ ಆರಿಸಿದ ಸಭೆಯ ನಿರ್ಣಯದ ಪ್ರತಿ. ಅದಿಲ್ಲದೆ ತಿಂಗಳುಗಟ್ಟಲೆ ಒಂದು ಬಿಲ್ಲೂ ಪಾಸಾಗದೆ ಕೂತ ಕ್ಲಬ್ಬುಗಳಿವೆ. ಹಾಗಾಗಿ ಫಲಿತಾಂಶ ಘೋಷಣೆಯಾಗಿ ಎಲ್ಲರೂ ಫೋಟೋಗೆ ನಿಲ್ಲೋಕೆ ಓಡೋವಾಗ, ನೀವು ಹಳೇ ಕಾರ್ಯದರ್ಶಿಯ ಹತ್ರ ಹೋಗಿ. ಹಾಜರಾತಿ, ಮತಗಳ ಸಂಖ್ಯೆ, ಆಯ್ಕೆಯಾದವರ ಪೂರ್ತಿ ಹೆಸರು ನಡಾವಳಿಯಲ್ಲಿ ಬಂದಿದೆಯಾ ನೋಡಿ, ಅವರು ಬಾಗಿಲು ದಾಟೋ ಮುಂಚೆ ಸಹಿ ಹಾಕಿಸ್ಕೊಳ್ಳಿ. ಆಮೇಲೆ ಫೋಟೋಗೆ ಬನ್ನಿ.