ಅಜ್ಜಿ ಸೀನಿದ್ದಲ್ಲ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಪಕ್ಕದ ಮನೆಯವರ ಕತೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಾವಿದ್ದ ಬೀದಿಯ ತುಂಬ ಪಾಕಿಸ್ತಾನ ಮೂಲದವರು. 2021ರ ಜನಗಣತಿ ನೋಡಿದರೆ ಆ ಊರಿನಲ್ಲಿ ನಾಲ್ವರಿಗೆ ಒಬ್ಬರು. ಬಹಳಷ್ಟು ಮನೆಗಳ ಬೇರು ಮೀರ್‌ಪುರದಲ್ಲಿದೆ, ಅಂದರೆ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದಲ್ಲಿ. 1960ರ ದಶಕದಲ್ಲಿ ಝೇಲಂ ನದಿಗೆ ಮಂಗಲಾ ಅಣೆಕಟ್ಟು ಕಟ್ಟಿದಾಗ ಹಳೆ ಮೀರ್‌ಪುರ ಮುಳುಗಿತು. ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಎಷ್ಟೋ ಮಂದಿ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗಳಿಗೆ ಬಂದು ರಾತ್ರಿ ಪಾಳಿ ಹಿಡಿದರು. ಈಗಲೂ ನೀರು ಇಳಿದಾಗ ಹಳೆ ಊರಿನ ದರ್ಗಾ, ದೇವಸ್ಥಾನ ಮೇಲೇಳುತ್ತವೆ. ಜನ ಹೋಗಿ ಹಿರಿಯರ ಗೋರಿ ಹುಡುಕುತ್ತಾರೆ. ಶರಾವತಿ ಹಿನ್ನೀರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಂಗನಮಕ್ಕಿಯೂ ಅದೇ ದಶಕದ್ದು.

ಈ ಜನರ ಮನೆಮಾತು ಪಹಾಡಿ. ಆದರೆ ಮಕ್ಕಳಿಗೆ ಕಲಿಸುವುದು ಉರ್ದು. ಸಂಜೆ ಮಸೀದಿಯಲ್ಲಿ ಅರಬ್ಬಿಯಲ್ಲಿ ಕುರಾನ್, ವಾರದ ಕೊನೆಗೆ ಉರ್ದು ಕ್ಲಾಸು, ಶಾಲೆಯಲ್ಲಿ ಇಂಗ್ಲಿಷ್. ಪಹಾಡಿಗೆ ಕ್ಲಾಸಿಲ್ಲ. 'ಅದು ಹಳ್ಳಿ ಮಾತು, ಸುಮ್ನೆ ಯಾಕೆ' ಎಂದು ನಮ್ಮ ಪಕ್ಕದ ಮನೆಯಾಕೆಯೇ ನನಗೆ ಹೇಳಿದ್ದರು. ಹವ್ಯಕ ಕನ್ನಡ, ಕುಂದಾಪ್ರ ಕನ್ನಡ ಮನೆಯೊಳಗಿಟ್ಟು ಮಕ್ಕಳ ಮುಂದೆ ಪುಸ್ತಕದ ಕನ್ನಡ ಆಡುವವರು ಇಲ್ಲೂ ಇದ್ದೀರಿ ಅಲ್ವಾ?

ಒಂದು ಬೇಸಿಗೆಯಲ್ಲಿ ಅವರ ಅತ್ತೆ ಮೀರ್‌ಪುರದಿಂದ ಬಂದರು. ಮೊಮ್ಮಗನಿಗೆ ಎಂಟು ವರ್ಷ, ಉರ್ದು ಕ್ಲಾಸಿನಲ್ಲಿ ಮೊದಲಿಗ. ಬಾಗಿಲಲ್ಲೇ ಅಜ್ಜಿ ಎರಡೂ ಕೈ ಚಾಚಿ "ಅಛ್, ಅಛ್" ಅಂದರು. ಹುಡುಗ ಬಹಳ ಮರ್ಯಾದೆಯಿಂದ "ಬ್ಲೆಸ್ ಯೂ" ಅಂದ, ಅಲ್ಲಿ ಸೀನಿದವರಿಗೆ ಹೇಳುವ ಹಾಗೆ. ಪಹಾಡಿಯಲ್ಲಿ 'ಅಛ್' ಅಂದರೆ ಬಾ. ಅವನ ಪುಸ್ತಕದಲ್ಲಿ ಇದ್ದದ್ದು 'ಆಓ'. ಎಲ್ಲರೂ ನಕ್ಕರು. ಅವನ ತಾಯಿ ಮಾತ್ರ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟವರು ಬಹಳ ಹೊತ್ತು ಈಚೆ ಬರಲಿಲ್ಲ.

ಲಾಹೋರ್, ಕರಾಚಿಯಿಂದ ಅಮೆರಿಕಕ್ಕೆ ಹೋದ ಡಾಕ್ಟರ್ ಮನೆಗಳ ಕತೆ ಬೇರೆ. ಅಲ್ಲಿ ಉರ್ದುವೇ ಮನೆಮಾತಾಗಿರುವುದು ಜಾಸ್ತಿ. ನಾನು ನೋಡಿದ್ದು ಈ ಒಂದು ಬೀದಿ.

ಕಲಿಸದೆಯೇ ಮಕ್ಕಳು ಕಲಿತದ್ದೂ ಉಂಟು. ಈದ್ ದಿನ ಯಾವ ಮಾಮೂ ಹತ್ತಿರ ಮೊದಲು ಹೋದರೆ ಈದಿಯ, ಅಂದರೆ ಹಬ್ಬದ ಕಾಣಿಕೆಯ, ಹೊಸ ನೋಟು ಸಿಗುತ್ತದೆ ಅನ್ನುವುದಕ್ಕೆ ಕ್ಲಾಸು ಬೇಕಿರಲಿಲ್ಲ. ತಂದೆಯ ತಮ್ಮ ಚಾಚಾ, ಅಣ್ಣ ತಾಯಾ, ಸೋದರತ್ತೆ ಫುಪ್ಪೋ. ಬೇರೆ ದಿನ ಎಲ್ಲರೂ ಅಂಕಲ್, ಆಂಟಿ. ಈದ್ ದಿನ ಒಂದೂ ತಪ್ಪುತ್ತಿರಲಿಲ್ಲ!

ಅದೇ ಬೇಸಿಗೆ ಅವರ ಮನೆಯಲ್ಲಿ ಮದುವೆ. ಮದುವೆಗೆ ಮುಂಚೆ ಢೋಲ್ಕಿ ರಾತ್ರಿಗಳು. ಹೆಂಗಸರು ನೆಲದ ಮೇಲೆ ಕೂತು ಹಾಡುತ್ತಾರೆ. ಒಬ್ಬರು ಢೋಲಕ್ ಬಾರಿಸುತ್ತಾರೆ, ಎದುರು ಕೂತವರು ಚಮಚದಿಂದ ಅದರ ಮರಕ್ಕೆ ಟಕ್ ಟಕ್ ತಾಳ ಕೊಡುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಟಪ್ಪೆ ಎಂಬ ಚುಟುಕು ಹಾಡು ಕಟ್ಟಿ ಕೆಣಕಬೇಕು, ಅವರು ತಿರುಗಿ ಕೊಡಬೇಕು. ನಮ್ಮ ಬೀಗರ ಹಾಡೇ ನೋಡಿ. ಅವತ್ತು ಗಂಡಿನ ಕಡೆ ದನಿ ಕಮ್ಮಿ ಬಿತ್ತು. ಅಜ್ಜಿ ಮೊಮ್ಮಗನನ್ನು ಎಳೆದು ಕೂರಿಸಿ ಕೈಗೆ ಚಮಚ ಕೊಟ್ಟರು. ಹುಡುಗರು ಅಲ್ಲಿ ಕೂರುವುದು ಅಪರೂಪ, ಇರಲಿ. ಅವನಿಗೆ ಮಾತು ಅರ್ಥವಾಗುತ್ತಿರಲಿಲ್ಲ. ಆದರೆ ಬೀಗಿತ್ತಿಯನ್ನು ಬೈಯುವ ಹಾಡು ಅಂತ ಗೊತ್ತಾದ ಮೇಲೆ ಒಂದೊಂದು ಮಾತಿನ ಅರ್ಥವನ್ನೂ ಅಜ್ಜಿಯ ಕಿವಿಯಲ್ಲಿ ಕೇಳತೊಡಗಿದ. ಮೂರನೇ ರಾತ್ರಿ ಸಾಲು ಮರೆತ ಚಿಕ್ಕಮ್ಮನಿಗೆ ಅವನೇ ಎತ್ತಿಕೊಟ್ಟ.

ಅಜ್ಜಿ ಊರಿಗೆ ಹೋದ ಮೇಲೆ ನಮ್ಮಿಬ್ಬರ ಮನೆ ನಡುವಿನ ಗೋಡೆಯಿಂದ ದಿನಾ ಸಂಜೆ ಟಕ್ ಟಕ್ ಕೇಳುತ್ತಿತ್ತು. ಆ ಚಮಚ ಮಾತ್ರ ಅಡುಗೆಮನೆಗೆ ವಾಪಸ್ ಬರಲೇ ಇಲ್ಲ ಎಂದು ಅವನ ತಾಯಿ ಗೊಣಗುತ್ತಿದ್ದರು.